ಹಾಕಿಗೊಂದು ಲೆಕ್ಕ ಹಾಕಿ: ಮಕ್ಕಳ ಆಟವನ್ನು ಅಂಕಿಗಳಿಂದ ತಿದ್ದುವ ಬಗೆ

ನಮ್ಮ ಹಾಕಿ ತಂಡದ ಬಲ ವಿಂಗ್, ಅಂದರೆ ಬಲ ಅಂಚಿನಲ್ಲಿ ಮುಂದೆ ಆಡುವ ಹುಡುಗಿಗೆ 12 ವರ್ಷ. ಜೆರ್ಸಿ ನಂಬರ್ 7. ಕಳೆದ ವರ್ಷ ಪುಣೆ ಹತ್ತಿರದ ಪಿಂಪ್ರಿಯ ನೆಹರೂನಗರದ ಮೇಜರ್ ಧ್ಯಾನ್‌ಚಂದ್ ಮೈದಾನದಲ್ಲಿ ಒಂದು ಭಾನುವಾರ ಇಡೀ ಮ್ಯಾಚ್ ಅವಳ ಮೇಲೆ ಕೂಗಾಡಿದೆ. "ಓಡು! ಯಾಕೆ ನಿಂತ್ಕೊಂಡಿದ್ದೀಯ?" ಮ್ಯಾಚ್ ಮುಗಿದ ಮೇಲೆ ನೀರು ಕುಡಿಯುತ್ತ ಅವಳು ಹೇಳಿದಳು: "ಕಾಕಾ, ನನ್ನ ಕಡೆ ಬಾಲೇ ಬರಂಗಿಲ್ರೀ."

ನೆಪ ಹೇಳುತ್ತಿದ್ದಾಳೆ ಅಂದುಕೊಂಡೆ. ಆದರೆ ಅವತ್ತು ಇನ್ನೊಬ್ಬ ಹುಡುಗನ ಅಪ್ಪ, ಹೊತ್ತು ಹೋಗದೆ, ಪೇಪರ್ ಅಂಚಿನಲ್ಲಿ ಯಾರಿಗೆ ಎಷ್ಟು ಸಲ ಬಾಲ್ ಸಿಕ್ಕಿತು ಅಂತ ಗೀಟು ಹಾಕುತ್ತ ಕೂತಿದ್ದರು. 40 ನಿಮಿಷದ ಆಟದಲ್ಲಿ 7ನೇ ನಂಬರಿಗೆ ಐದೇ ಗೀಟು. ನಮ್ಮ ಬಲ ಹಾಫ್, ಅಂದರೆ ಅವಳ ಹಿಂದೆಯೇ ಆಡುವ ಹುಡುಗನ ಹೆಸರಿಗೆ ಸಾಲುಗಟ್ಟಲೆ ಗೀಟುಗಳಿದ್ದವು. ಅವನು ಬಾಲ್ ಸಿಕ್ಕಿದಾಗೆಲ್ಲ ಎಡಕ್ಕೇ ತಳ್ಳುತ್ತಿದ್ದ. ಯಾಕೆ ಅಂದರೆ, ಎಡಕ್ಕೆ ತಳ್ಳುವುದನ್ನು ಮಾತ್ರ ನಾನು ಅವನಿಗೆ ಕಲಿಸಿದ್ದೆ! ಹಾಕಿ ಸ್ಟಿಕ್ ಹಿಡಿಯುವ ರೀತಿಯಲ್ಲಿ ಎಡಕ್ಕೆ ಪುಷ್ ಮಾಡುವುದು ಸಲೀಸು. ಬಲಕ್ಕೆ ಕೊಡಬೇಕಾದರೆ ಕಾಲು ಬಾಲನ್ನು ಸುತ್ತಿ ಬರಬೇಕು, ಎಡ ಭುಜ ಗುರಿಯ ಕಡೆ ತಿರುಗಬೇಕು. ಅದನ್ನು ಯಾರೂ ಕಲಿಸದೆ ಯಾವ ಮಗುವೂ ತಾನಾಗಿ ಮಾಡುವುದಿಲ್ಲ.

ಅಂದರೆ ಆ ಐದು ಗೀಟು ಹುಡುಗಿಯ ಬಗ್ಗೆ ಹೇಳಿದ್ದಕ್ಕಿಂತ ನನ್ನ ಬಗ್ಗೆ ಹೇಳಿದ್ದೇ ಜಾಸ್ತಿ. ಅಲ್ಲಿಂದ ಶುರುವಾದ ನಮ್ಮ ಲೆಕ್ಕದ ಪದ್ಧತಿಯನ್ನು ಇಲ್ಲಿ ಒಂದೊಂದೇ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ನಾನು ಭೋಸರಿಯ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದವನು. ವಾರವಿಡೀ ಯಾವ ಪಾರ್ಟ್ ಯಾಕೆ ರಿಜೆಕ್ಟ್ ಆಯಿತು ಅಂತ ಗೀಟು ಹಾಕುವುದೇ ನನ್ನ ಕೆಲಸ. ಭಾನುವಾರ ಮಾತ್ರ ಅದನ್ನು ಮರೆತು ಬಾಯಿಗೆ ಬಂದದ್ದು ಕೂಗುತ್ತಿದ್ದೆ, ನೋಡಿ.

ಹೆಜ್ಜೆ 1: ಮೊದಲು ಪ್ರಶ್ನೆ, ಆಮೇಲೆ ಪೆನ್ನು

ಹೊಸದಾಗಿ ಲೆಕ್ಕ ಶುರು ಮಾಡುವವರು ಎಲ್ಲವನ್ನೂ ಬರೆಯಲು ಹೋಗುತ್ತಾರೆ. ಪಾಸ್, ಟ್ರ್ಯಾಪ್ (ಬಂದ ಬಾಲನ್ನು ಸ್ಟಿಕ್ಕಿನಿಂದ ನಿಲ್ಲಿಸುವುದು), ಟ್ಯಾಕಲ್, ಶಾಟ್, ಫೌಲ್, ಓಟ. ಎರಡನೇ ಕ್ವಾರ್ಟರ್ (ಆಟದ ಕಾಲು ಭಾಗ) ಹೊತ್ತಿಗೆ ಕೈ ಸೋಲುತ್ತದೆ, ಮೂರನೇ ವಾರಕ್ಕೆ ಪುಸ್ತಕ ಅಟ್ಟ ಸೇರುತ್ತದೆ. ನನ್ನ ಮೊದಲ ಶೀಟಿನಲ್ಲಿ 14 ಕಾಲಂ ಇದ್ದವು. ಅದನ್ನು ಒಬ್ಬರೂ ಪೂರ್ತಿ ತುಂಬಲಿಲ್ಲ.

ಒಂದು ತಿಂಗಳಿಗೆ ಒಂದೇ ಪ್ರಶ್ನೆ ಇಟ್ಟುಕೊಳ್ಳಿ. "ನಾವು ಬಾಲನ್ನು ಎಲ್ಲಿ ಕಳೆದುಕೊಳ್ಳುತ್ತೇವೆ?" ಅನ್ನುವುದು ಒಳ್ಳೆಯ ಪ್ರಶ್ನೆ. "ಯಾರು ಚೆನ್ನಾಗಿ ಆಡುತ್ತಾರೆ?" ಅನ್ನುವುದು ಕೆಟ್ಟ ಪ್ರಶ್ನೆ. ಅದರ ಉತ್ತರದಿಂದ ನಾಳೆ ಬೆಳಿಗ್ಗೆ ಮೈದಾನದಲ್ಲಿ ಏನು ಮಾಡಬೇಕು ಅಂತ ಗೊತ್ತಾಗುವುದಿಲ್ಲ.

ವಯಸ್ಸಿಗೆ ತಕ್ಕ ಪ್ರಶ್ನೆ ಬೇಕು. 10 ವರ್ಷದೊಳಗಿನವರಿಗೆ ಒಂದೇ ಲೆಕ್ಕ ಸಾಕು: ಪ್ರತಿ ಮಗುವಿಗೆ ಎಷ್ಟು ಸಲ ಬಾಲ್ ಸಿಕ್ಕಿತು. ಅದು ಮಗುವಿನ ಅಂಕವೇ ಅಲ್ಲ, ನಿಮ್ಮ ಅಭ್ಯಾಸದ ಅಂಕ. ಹನ್ನೊಂದು ಹನ್ನೊಂದು ಮಕ್ಕಳನ್ನು ದೊಡ್ಡ ಮೈದಾನದಲ್ಲಿ ಬಿಟ್ಟರೆ ಅರ್ಧ ಮಕ್ಕಳು ಸುಮ್ನೆ ನಿಂತಿರುತ್ತಾರೆ. ಕಾಲು ಮೈದಾನದಲ್ಲಿ ನಾಲ್ಕು ನಾಲ್ಕು ಮಂದಿ ಆಡಿಸಿ ಮತ್ತೆ ಎಣಿಸಿ, ವ್ಯತ್ಯಾಸ ನಿಮಗೇ ಕಾಣುತ್ತದೆ. 12ರ ಆಸುಪಾಸಿನಲ್ಲಿ ಟ್ರ್ಯಾಪ್ ಸೇರಿಸಿ. 14ಕ್ಕೆ ಬಾಲ್ ಕಳೆದುಕೊಳ್ಳುವ ಜಾಗ. ಡಿ (ಗೋಲಿನ ಮುಂದಿನ ಅರ್ಧವೃತ್ತದಂಥ ಜಾಗ) ಒಳಗಿನ ಲೆಕ್ಕ, ಪೆನಾಲ್ಟಿ ಕಾರ್ನರ್ (ಸಾಮಾನ್ಯವಾಗಿ ಡಿ ಒಳಗೆ ಎದುರಾಳಿ ಫೌಲ್ ಮಾಡಿದಾಗ ಸಿಗುವ ಅವಕಾಶ) ಲೆಕ್ಕ ಎಲ್ಲ ಅದರ ಮೇಲಿನವರಿಗೆ.

ಹೆಜ್ಜೆ 2: ಯಾವುದಕ್ಕೆ ಗೀಟು ಅಂತ ಮೊದಲೇ ಒಪ್ಪಿಕೊಳ್ಳಿ

ಟ್ರ್ಯಾಪ್ ಅಂದರೆ ಏನು? ಬಾಲ್ ಸ್ಟಿಕ್ಕಿಗೆ ತಾಗಿದರೆ ಸಾಕೇ? ಮೂರು ಅಡಿ ಆಚೆ ಪುಟಿದು ಮತ್ತೆ ಓಡಿ ಹಿಡಿದರೆ? ಇದನ್ನು ಮೊದಲೇ ತೀರ್ಮಾನಿಸದಿದ್ದರೆ ಇಬ್ಬರು ಎಣಿಸಿದ ಲೆಕ್ಕ ಯಾವತ್ತೂ ತಾಳೆಯಾಗುವುದಿಲ್ಲ. ನಮ್ಮ ನಿಯಮಗಳು ಹೀಗಿವೆ:

ಒಳ್ಳೆಯ ಟ್ರ್ಯಾಪ್: ಬಾಲ್ ಒಂದು ಸ್ಟಿಕ್ ಉದ್ದದೊಳಗೆ ನಿಲ್ಲಬೇಕು, ಮುಂದಿನ ಕೆಲಸ ಆ ಆಟಗಾರನೇ ಮಾಡಬೇಕು.

ಕಳೆದ ಬಾಲ್: ನಮ್ಮ ಕೈಯಲ್ಲಿದ್ದ ಬಾಲ್ ಎದುರಾಳಿಗೆ ಹೋದರೆ, ಗೆರೆ ದಾಟಿದರೆ, ಅಥವಾ ನಮ್ಮ ಫೌಲಿನಿಂದ ಅವರಿಗೆ ಫ್ರೀ ಹಿಟ್ ಸಿಕ್ಕರೆ.

ಡಿ ಪ್ರವೇಶ: ನಮ್ಮವರು ಬಾಲ್ ಸಮೇತ ಡಿ ಒಳಗೆ ಹೋದರೆ, ಇಲ್ಲವೇ ಡಿ ಒಳಗೆ ನಮ್ಮವರೇ ಬಾಲ್ ಮುಟ್ಟಿದರೆ. ಸುಮ್ನೆ ಹೊರಗಿಂದ ಬಾರಿಸಿದ ಬಾಲ್ ಡಿ ಹಾದುಹೋದರೆ ಅದು ಪ್ರವೇಶವಲ್ಲ. ಹಾಕಿಯಲ್ಲಿ ದಾಳಿ ಮಾಡುವವರು ಡಿ ಒಳಗೆ ಬಾಲ್ ಮುಟ್ಟದಿದ್ದರೆ ಗೋಲೇ ಇಲ್ಲ, ಅಲ್ವಾ? ಹಾಗಾಗಿ ಈ ಲೆಕ್ಕಕ್ಕೆ ಬೆಲೆ ಜಾಸ್ತಿ.

ನಿಯಮ ಬರೆದ ಮೇಲೆ ಪರೀಕ್ಷೆ ಮಾಡಿ. ಮೊಬೈಲಿನಲ್ಲಿ ತೆಗೆದ ಒಂದು ಕ್ವಾರ್ಟರ್ ಆಟವನ್ನು ಇಬ್ಬರು ಬೇರೆ ಬೇರೆ ಕೂತು ಎಣಿಸಿ. ಒಬ್ಬರಿಗೆ 20 ಬಂದು ಇನ್ನೊಬ್ಬರಿಗೆ 19 ಬಂದರೆ ತೊಂದರೆಯಿಲ್ಲ. 20 ಮತ್ತು 13 ಬಂದರೆ ತಪ್ಪು ಕಣ್ಣಿನದಲ್ಲ, ನಿಯಮದ್ದು. ಇನ್ನಷ್ಟು ಬಿಡಿಸಿ ಬರೆಯಿರಿ. ಕಾರ್ಖಾನೆಯಲ್ಲಿ ಅಳತೆಯ ಸಾಧನವನ್ನೇ ಮೊದಲು ಪರೀಕ್ಷಿಸುತ್ತೇವೆ, ಆಮೇಲೆ ಪಾರ್ಟ್. ಇಲ್ಲಿ ಸಾಧನ ನಾವೇ.

ಹೆಜ್ಜೆ 3: ಒಂದು ಹಾಳೆಯಲ್ಲಿ ಮೈದಾನ

ಹಾಕಿ ಮೈದಾನ 91.4 ಮೀಟರ್ ಉದ್ದ, 55 ಮೀಟರ್ ಅಗಲ. ನಡುವೆ ಸೆಂಟರ್ ಗೆರೆ, ಎರಡೂ ಕಡೆ 23 ಮೀಟರ್ ಗೆರೆ. ಅಂದರೆ ಮೈದಾನವೇ ನಿಮಗೆ ನಾಲ್ಕು ಪಟ್ಟಿ ಎಳೆದು ಕೊಟ್ಟಿದೆ. ಎ4 ಹಾಳೆಯಲ್ಲಿ ಆ ನಾಲ್ಕು ಪಟ್ಟಿ ಬರೆದು, ಉದ್ದಕ್ಕೆ ಎರಡು ಗೆರೆ ಎಳೆದು ಎಡ, ನಡು, ಬಲ ಅಂತ ಭಾಗ ಮಾಡಿ. ಹನ್ನೆರಡು ಚೌಕ ಆಯಿತು. ಗೋಲಿನ ಮುಂದೆ ಡಿ ಬರೆಯಿರಿ.

ಬಾಲ್ ಕಳೆದುಹೋದಾಗ ಆ ಚೌಕದಲ್ಲಿ ಆಟಗಾರನ ಜೆರ್ಸಿ ನಂಬರ್ ಬರೆಯಿರಿ, ಅಷ್ಟೇ. ರಿವರ್ಸ್ ಕಡೆಯಿಂದ, ಅಂದರೆ ಸ್ಟಿಕ್ ತಿರುಗಿಸಿ ಆಡಬೇಕಾದ ಎಡಬದಿಯಿಂದ ಕಳೆದರೆ ನಂಬರಿನ ಸುತ್ತ ಒಂದು ಸೊನ್ನೆ. ಪಾಸ್ ತಪ್ಪಿ ಹೋದದ್ದಾದರೆ ಕೆಳಗೊಂದು ಗೆರೆ. ಇಷ್ಟು ಮೂರು ಗುರುತಿನಲ್ಲೇ ಎಲ್ಲಿ, ಯಾರು, ಹೇಗೆ ಎಲ್ಲವೂ ಸಿಗುತ್ತದೆ. ಕ್ವಾರ್ಟರಿಗೊಂದು ಹಾಳೆ. ಎರಡನೇ ಅರ್ಧದಲ್ಲಿ ತಂಡಗಳು ಬದಿ ಬದಲಾಯಿಸುತ್ತವೆ, ಆಗ ಹಾಳೆಯನ್ನೂ ತಿರುಗಿಸಿ. ನಮ್ಮ ಗೋಲು ಯಾವಾಗಲೂ ಹಾಳೆಯ ಕೆಳಗೆ ಇರಲಿ. ಇದನ್ನು ಮರೆತು ಒಮ್ಮೆ ನಾವು ಎಡ ಹಾಫಿನ ಪಾಪವನ್ನೆಲ್ಲ ಬಲ ವಿಂಗಿನ ತಲೆಗೆ ಕಟ್ಟಿದ್ದೆವು.

ಅಂಕಿಗಳ ಬಗ್ಗೆ ಒಂದು ಎಚ್ಚರಿಕೆ, ಇದು ಪುಣೆಯಲ್ಲಿ ಮಾತ್ರ ಬರುವ ತಾಪತ್ರಯ. ನಮ್ಮ ತಂಡದಲ್ಲಿ ಕಲಬುರಗಿ, ವಿಜಯಪುರ ಕಡೆಯ ಮಕ್ಕಳು ಅರ್ಧ, ಮರಾಠಿ ಮಕ್ಕಳು ಅರ್ಧ. ಒಬ್ಬ ಅಜ್ಜ ಮರಾಠಿ ಅಂಕಿಯಲ್ಲಿ ಬರೆದುಕೊಟ್ಟರು. ಮರಾಠಿಯ ಒಂದು, ನಾವು ಬರೆಯುವ 9ರ ಹಾಗೇ ಕಾಣುತ್ತದೆ. 1ನೇ ನಂಬರ್ ನಮ್ಮ ಗೋಲಿ (ಗೋಲ್‌ಕೀಪರ್), 9ನೇ ನಂಬರ್ ಸೆಂಟರ್ ಫಾರ್ವರ್ಡ್. ಅವತ್ತಿನ ಲೆಕ್ಕದ ಪ್ರಕಾರ ನಮ್ಮ ಫಾರ್ವರ್ಡ್ ಮ್ಯಾಚಿನ ಅರ್ಧಕ್ಕರ್ಧ ಸೇವ್ ಮಾಡಿದ್ದ! ಅಂದಿನಿಂದ ಎಲ್ಲರೂ ಶರ್ಟಿನ ಮೇಲೆ ಹೇಗಿದೆಯೋ ಹಾಗೇ ಬರೆಯಬೇಕು ಅನ್ನುವುದು ನಿಯಮ.

ಹಾಳೆಯ ತಲೆಯ ಮೇಲೆ ನಾಲ್ಕು ವಿಷಯ ಇರಲೇಬೇಕು: ಎದುರಾಳಿ ಯಾರು, ಟರ್ಫೋ (ಕೃತಕ ಹುಲ್ಲು) ಮಣ್ಣೋ, ಹವೆ ಹೇಗಿತ್ತು, ಪ್ರತಿ ಮಗು ಎಷ್ಟು ನಿಮಿಷ ಆಡಿತು. ನೀರು ಹಾಕಿದ ಟರ್ಫಿನಲ್ಲಿ ಬಾಲ್ ಸರಾಗವಾಗಿ ಬರುತ್ತದೆ. ಮಣ್ಣಿನಲ್ಲಿ ಎಲ್ಲಿ ಪುಟಿಯುತ್ತದೋ ದೇವರಿಗೇ ಗೊತ್ತು. ಎರಡರ ಟ್ರ್ಯಾಪ್ ಲೆಕ್ಕವನ್ನು ಒಂದೇ ಸಾಲಿನಲ್ಲಿ ಇಟ್ಟು ಹೋಲಿಸಿದರೆ ಮಗುವಿಗೆ ಅನ್ಯಾಯ. ಈ ಸಾಲನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಧನರಾಜ್ ಪಿಳ್ಳೈ ಹುಟ್ಟಿದ ಖಡ್ಕಿ ನಮ್ಮ ಪಕ್ಕದಲ್ಲೇ ಇದೆ. 4 ಒಲಿಂಪಿಕ್ಸ್ ಆಡಿದವರ ಊರಿನ ಸುತ್ತಲೂ ಇವತ್ತಿಗೂ ಎಷ್ಟೋ ಮಕ್ಕಳು ಹಾಕಿ ಶುರು ಮಾಡುವುದು ಮಣ್ಣಿನ ಮೇಲೆಯೇ.

ಹೆಜ್ಜೆ 4: ಎಣಿಸುವವರು ಯಾರು?

ಪಾಲಕರು. ಹೇಗೂ ಬಂದು ಕೂತಿರುತ್ತಾರೆ. ಕೈಗೆ ಕೆಲಸ ಕೊಟ್ಟರೆ ಅಂಪೈರಿಗೆ ಕೂಗುವುದೂ ಕಡಿಮೆಯಾಗುತ್ತದೆ, ಇದು ನನ್ನ ಅನುಭವ. ಒಬ್ಬರಿಗೆ ಒಂದೇ ಲೆಕ್ಕ ಕೊಡಿ. ತನ್ನ ಮಗುವಿನ ಲೆಕ್ಕ ಯಾರೂ ಬರೆಯಬಾರದು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಟ್ರ್ಯಾಪೂ ಹಾಗೇ.

ನಮ್ಮಲ್ಲಿ ಡಿ ಪ್ರವೇಶ ಎಣಿಸುವವರು ವಿಜಯಪುರದಿಂದ ಮಗನ ಮನೆಗೆ ಬಂದಿರುವ ಒಬ್ಬ ಅಜ್ಜಿ. ಪೆನ್ನು ಬೇಡ ಅಂದರು. ಒಂದು ಬಟ್ಟಲಲ್ಲಿ ಹುಣಸೆ ಬೀಜ ಇಟ್ಟುಕೊಂಡು, ನಮ್ಮವರು ಒಳಗೆ ಹೋದಾಗೆಲ್ಲ ಒಂದು ಬೀಜ ಇನ್ನೊಂದು ಬಟ್ಟಲಿಗೆ. ಕಣ್ಣು ಆಟ ಬಿಟ್ಟು ಕದಲುವುದೇ ಇಲ್ಲ. ನಮ್ಮ ತಂಡದಲ್ಲಿ ಅವರಷ್ಟು ತಪ್ಪಿಲ್ಲದ ಲೆಕ್ಕ ಯಾರದೂ ಇಲ್ಲ, ವಿಡಿಯೋ ಜೊತೆ ತಾಳೆ ನೋಡಿಯೇ ಹೇಳುತ್ತಿದ್ದೇನೆ.

ಹೆಜ್ಜೆ 5: ಮೊಬೈಲ್ ಕ್ಯಾಮೆರಾ

ಸೆಂಟರ್ ಗೆರೆಯ ನೇರಕ್ಕೆ, ಆದಷ್ಟು ಎತ್ತರದಲ್ಲಿ, ಟ್ರೈಪಾಡ್ ಮೇಲೆ ಅಡ್ಡಡ್ಡ ಇಡಿ. ನೆಲದ ಮಟ್ಟದಲ್ಲಿ ಇಟ್ಟರೆ ಬರೀ ಕಾಲುಗಳೇ ಕಾಣುತ್ತವೆ. ಫ್ಲೈಟ್ ಮೋಡ್ ಹಾಕಲು ಮರೆಯಬೇಡಿ. ನಮ್ಮ ಒಂದು ಫೈನಲ್‌ನ ಕೊನೆಯ ಕ್ವಾರ್ಟರ್ ಸಾಲ ಬೇಕೇ ಅಂತ ಬಂದ ಫೋನಿನಿಂದಾಗಿ ರೆಕಾರ್ಡ್ ಆಗಲೇ ಇಲ್ಲ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಕವರ್, ಪವರ್ ಬ್ಯಾಂಕ್, ಒಂದು ಒಣ ಬಟ್ಟೆ ಇಟ್ಟುಕೊಳ್ಳಿ.

ಇಡೀ ಮ್ಯಾಚನ್ನು ಮಕ್ಕಳಿಗೆ ತೋರಿಸಬೇಡಿ, ನಿದ್ದೆ ಮಾಡುತ್ತಾರೆ. ಮೂರು ತುಣುಕು, ಒಂದೊಂದೂ 20 ಸೆಕೆಂಡಿನೊಳಗೆ. ಎರಡು ಚೆನ್ನಾಗಿ ಆಡಿದ್ದು, ಒಂದು ತಿದ್ದಬೇಕಾದ್ದು.

ಜಿಪಿಎಸ್ ಬೇಕೇ?

ಪಾಲಕರು ಕೇಳುವ ಮೊದಲ ಪ್ರಶ್ನೆಯೇ ಇದು. ದೊಡ್ಡ ತಂಡಗಳು ಬೆನ್ನಿಗೆ ಜಿಪಿಎಸ್ ಕಟ್ಟಿಕೊಂಡು ಆಡುತ್ತವೆ. ಭಾರತದ ಮಹಿಳಾ ತಂಡ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದಾಗ ವೇಯ್ನ್ ಲೊಂಬಾರ್ಡ್ ಅವರಂಥ ವೈಜ್ಞಾನಿಕ ಸಲಹೆಗಾರರು ಜೊತೆಗಿದ್ದರು. ಆಟಗಾರ್ತಿಯರ ಓಟ, ದಣಿವು, ಚೇತರಿಕೆ ನೋಡಿಕೊಳ್ಳುವುದೇ ಅವರ ಕೆಲಸ. ಅಲ್ಲಿ ಅದು ಸರಿ. 13 ವರ್ಷದ ಮಗು 5 ಕಿಲೋಮೀಟರ್ ಓಡಿತು ಅಂತ ಗೊತ್ತಾದರೆ ನೀವೇನು ಮಾಡುತ್ತೀರಿ? ಜಾಗ ತಪ್ಪಿ ನಿಂತವನೇ ಹೆಚ್ಚು ಓಡಬೇಕಾಗುತ್ತದೆ. ಜೊತೆಗೆ ಕೈಗಡಿಯಾರದ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ. 10 ಮೀಟರಿನ ಗಕ್ಕನೆ ಓಟ, ಗಕ್ಕನೆ ನಿಲ್ಲುವುದೇ ಹಾಕಿಯ ಜೀವ. ಅದನ್ನು ಆ ಗಡಿಯಾರ ಸರಿಯಾಗಿ ಹಿಡಿಯುವುದಿಲ್ಲ. ಆ ದುಡ್ಡಿಗೆ ಎರಡು ಡಜನ್ ಬಾಲ್ ತನ್ನಿ.

ಹೆಜ್ಜೆ 6: ಕೂಡಿ ಕಳೆಯುವಾಗ ಎಡವುವ ಜಾಗ

ಉದಾಹರಣೆಗೆ, ಒಬ್ಬ ಹುಡುಗ ಒಂದು ಮ್ಯಾಚಿನಲ್ಲಿ 5 ಬಾಲಿಗೆ 4 ಟ್ರ್ಯಾಪ್ ಮಾಡಿದ. ಶೇಕಡಾ 80. ಇನ್ನೊಬ್ಬಳು 40ಕ್ಕೆ 28. ಶೇಕಡಾ 70. ಯಾರು ಮೇಲು? ಹೇಳಲು ಬರುವುದಿಲ್ಲ. ಮೊದಲನೆಯವನು ಇನ್ನೊಂದು ಬಾಲ್ ಬಿಟ್ಟಿದ್ದರೆ 60ಕ್ಕೆ ಇಳಿಯುತ್ತಿದ್ದ. ನಾಣ್ಯ ಐದು ಸಲ ಚಿಮ್ಮಿದರೆ ನಾಲ್ಕು ಸಲ ರಾಜನ ಮುಖ ಬೀಳುವುದು ಅಪರೂಪವೇನಲ್ಲ. ಅದರಿಂದ ನಾಣ್ಯದ ಪ್ರತಿಭೆ ಅಳೆಯುತ್ತೇವೆಯೇ?

ಹಾಗಾಗಿ ಒಂದು ಮಗುವಿನ ಬಗ್ಗೆ ಮಾತಾಡುವ ಮೊದಲು ಕನಿಷ್ಠ ಐದು ಮ್ಯಾಚಿನ ಲೆಕ್ಕ ಒಟ್ಟು ಸೇರಿಸಿ. ಹೊಸ ಮ್ಯಾಚ್ ಬಂದಾಗ ಹಳೆಯದೊಂದನ್ನು ಬಿಡಿ. ಇಡೀ ತಂಡದ ಲೆಕ್ಕವಾದರೆ ಎರಡು ಮೂರು ಮ್ಯಾಚಿನಲ್ಲೇ ಏನೋ ಒಂದು ಕಾಣತೊಡಗುತ್ತದೆ, ಯಾಕೆಂದರೆ ಗೀಟುಗಳು ಹೆಚ್ಚಿರುತ್ತವೆ.

ಆಡಿದ ನಿಮಿಷ ಮರೆಯಬೇಡಿ. ಹಾಕಿಯಲ್ಲಿ ಎಷ್ಟು ಸಲ ಬೇಕಾದರೂ ಆಟಗಾರರನ್ನು ಬದಲಿಸಬಹುದು. ಒಬ್ಬ 35 ನಿಮಿಷ ಆಡಿರುತ್ತಾನೆ, ಇನ್ನೊಬ್ಬ 12. ಬರೀ ಒಟ್ಟು ಗೀಟು ಹೋಲಿಸಿದರೆ ಬೆಂಚಿನಲ್ಲಿ ಕೂತವನು ಯಾವಾಗಲೂ ಸೋಲುತ್ತಾನೆ. 10 ನಿಮಿಷಕ್ಕೆ ಎಷ್ಟು ಅಂತ ಲೆಕ್ಕ ಮಾಡಿ.

ಹೆಜ್ಜೆ 7: ಅಂಕಿಯಿಂದ ಅಭ್ಯಾಸಕ್ಕೆ

ಇಷ್ಟು ಹೊತ್ತು ಹೇಳಿದ್ದೆಲ್ಲ ಅಡುಗೆಗೆ ಸಾಮಾನು ಜೋಡಿಸಿದ ಹಾಗೆ. ಒಲೆ ಹಚ್ಚುವುದು ಈಗ. ನನಗೆ ಪದೇ ಪದೇ ಎದುರಾದ ಮೂರು ಸಂದರ್ಭ ಹೇಳುತ್ತೇನೆ.

ಮೊದಲನೆಯದು, ನಮ್ಮದೇ 23 ಮೀಟರ್ ಒಳಗಿನ ನಡು ಚೌಕದಲ್ಲಿ ನಂಬರುಗಳು ಗುಂಪುಗಟ್ಟಿದರೆ. ಗೋಲಿನ ನೇರ ಎದುರಿಗೆ ಬಾಲ್ ಕಳೆದುಕೊಳ್ಳುವುದು ಮನೆ ಬಾಗಿಲು ತೆರೆದಿಟ್ಟು ಊರಿಗೆ ಹೋದ ಹಾಗೆ. ನಾನು ಮೊದಲು ಫುಲ್‌ಬ್ಯಾಕ್‌ಗಳಿಗೆ ಪಾಸಿಂಗ್ ಅಭ್ಯಾಸ ಹೆಚ್ಚಿಸಿದೆ. ಒಂದು ತಿಂಗಳಾದರೂ ಏನೂ ಬದಲಾಗಲಿಲ್ಲ. ವಿಡಿಯೋ ನೋಡಿದರೆ ಬ್ಯಾಕ್‌ಗಳ ಪಾಸ್ ಸರಿಯಾಗಿಯೇ ಇತ್ತು, ಪಾಸ್ ತೆಗೆದುಕೊಳ್ಳಲು ಬದಿಯಲ್ಲಿ ಯಾರೂ ಇರಲಿಲ್ಲ. ಹಾಫ್‌ಗಳಿಬ್ಬರೂ ಬಾಲ್ ನೋಡುತ್ತ ನಡುವಿಗೇ ಸರಿದು ಬರುತ್ತಿದ್ದರು. ಅಭ್ಯಾಸ ಬದಲಿಸಿದೆ: ಎರಡೂ ಬದಿಯಲ್ಲಿ ಕೋನ್ ಇಟ್ಟು ಐದೈದು ಮೀಟರಿನ ಓಣಿ ಮಾಡಿದೆ. ಬ್ಯಾಕ್ ಕೈಗೆ ಬಾಲ್ ಬಂದ ಕೂಡಲೇ ಹಾಫ್ ಆ ಓಣಿ ಮುಟ್ಟಬೇಕು. ಮುಟ್ಟುವ ಮೊದಲೇ ಕೊಟ್ಟ ಪಾಸಿಗೆ ಬೆಲೆಯಿಲ್ಲ. ನಂಬರ್ ಯಾರದು ಅಂತ ಹಾಳೆ ಹೇಳುತ್ತದೆ, ತಪ್ಪು ಯಾರದು ಅಂತ ಹೇಳುವುದಿಲ್ಲ. ಅದಕ್ಕೆ ಕಣ್ಣೇ ಬೇಕು.

ಎರಡನೆಯದು, ಸೊನ್ನೆ ಸುತ್ತಿದ ನಂಬರುಗಳು. ಅಂದರೆ ರಿವರ್ಸ್ ಕಡೆ ಬಂದ ಬಾಲ್ ನಿಲ್ಲುತ್ತಿಲ್ಲ. ನಮ್ಮ ಮಕ್ಕಳ ಸ್ಟಿಕ್ ನೋಡಿದೆ. ಬಲಗೈಯಲ್ಲಿ ಬಿಗಿಯಾಗಿ ಹಿಡಿದು ತಿರುಗಿಸಲು ಹೆಣಗುತ್ತಿದ್ದರು. ತಿರುಗಿಸಬೇಕಾದ್ದು ಎಡಗೈ, ಬಲಗೈ ಹಿಡಿತ ಸಡಿಲವಾಗಿರಬೇಕು. ದಿನಕ್ಕೆ ಐದು ನಿಮಿಷ ಮನೆಯಲ್ಲಿ ಬಾಲಿಲ್ಲದೆ ಸ್ಟಿಕ್ ತಿರುಗಿಸುವ ಕೆಲಸ ಕೊಟ್ಟೆ. ಮೈದಾನದಲ್ಲಿ ಹತ್ತು ಬಾಲಿಗೆ ನಾಲ್ಕು ಬೇಕೆಂದೇ ಎಡ ಪಾದದ ಆಚೆ ಹಾಕಿಸಿದೆ. ಇದಕ್ಕೆ ಮ್ಯಾಚಿಗೂ ಸಂಬಂಧವಿದೆ. ಎದುರಾಳಿ ಡಿಫೆಂಡರಿನ ಎಡಬದಿ ಅವನಿಗೂ ರಿವರ್ಸ್ ಬದಿ, ಅಂದರೆ ದುರ್ಬಲ ಬದಿ. ಒಳ್ಳೆಯ ತಂಡಗಳು ಅತ್ತ ಕಡೆಯಿಂದಲೇ ನುಗ್ಗುತ್ತವೆ. ನಮ್ಮ ಬಲ ವಿಂಗ್ ಹುಡುಗಿಗೆ ಬಾಲ್ ಮುಟ್ಟಲೇಬೇಕು ಅಂತ ನಾನು ಹಟ ಹಿಡಿದದ್ದೂ ಇದಕ್ಕೇ.

ಮೂರನೆಯದು ಪೆನಾಲ್ಟಿ ಕಾರ್ನರ್, ಇಲ್ಲಿ ಲೆಕ್ಕಕ್ಕೆ ಹಬ್ಬ. ಒಂದು ಕಾರ್ನರ್ ಮೂರು ಕೊಂಡಿಯ ಸರಪಳಿ: ಬೇಸ್‌ಲೈನಿನಿಂದ ತಳ್ಳುವವನು, ಡಿ ಹೊರಗೆ ನಿಲ್ಲಿಸುವವನು, ಹೊಡೆಯುವವನು. ಮೂರನ್ನೂ ಬೇರೆ ಬೇರೆ ಎಣಿಸಿ. ಹತ್ತರಲ್ಲಿ ಎಂಟು ತಳ್ಳುವಿಕೆ ನೇರ, ಬಂದ ಹತ್ತರಲ್ಲಿ ಏಳು ಸರಿಯಾಗಿ ನಿಂತವು, ನಿಂತದ್ದರಲ್ಲಿ ಅರ್ಧ ಗೋಲಿನ ಕಡೆ ಹೋದವು ಅಂತ ಇಟ್ಟುಕೊಳ್ಳಿ. ಕೇಳಲು ಮೂರೂ ಪರವಾಗಿಲ್ಲ ಅನ್ನಿಸುತ್ತದೆ. ಗುಣಿಸಿ ನೋಡಿ: 0.8, 0.7, 0.5 ಸೇರಿ 0.28. ನೂರು ಕಾರ್ನರಿನಲ್ಲಿ 28 ಮಾತ್ರ ಗೋಲಿಯವರೆಗೆ ಮುಟ್ಟುತ್ತವೆ. ಹೊಡೆಯುವವನನ್ನು ತಿದ್ದಿ 0.5 ಅನ್ನು 0.6 ಮಾಡಿದರೆ ಸುಮಾರು 34 ಆಗುತ್ತದೆ. ನಿಲ್ಲಿಸುವವನನ್ನು 0.7ರಿಂದ 0.9ಕ್ಕೆ ತಂದರೆ 36. ನಮ್ಮ ಮಕ್ಕಳ ಮಟ್ಟದಲ್ಲಿ ಬಾಲ್ ನಿಲ್ಲಿಸುವುದನ್ನು ಕಲಿಸುವುದು ಜೋರಾಗಿ ಹೊಡೆಯುವುದನ್ನು ಕಲಿಸುವುದಕ್ಕಿಂತ ಎಷ್ಟೋ ಸುಲಭ. ಆದರೆ ಎಲ್ಲರೂ ಹೊಡೆಯಲು ಸಾಲು ನಿಲ್ಲುತ್ತಾರೆ, ನಿಲ್ಲಿಸಲು ಯಾರೂ ಬರುವುದಿಲ್ಲ. ಈ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದ ದಿನ ಮಾತ್ರ ಮೂವರು ಕೈ ಎತ್ತಿದರು.

ಡ್ರ್ಯಾಗ್ ಫ್ಲಿಕ್ (ಬಾಲನ್ನು ಸ್ಟಿಕ್ಕಿನಿಂದ ಎಳೆದು ಚಿಮ್ಮಿಸುವ ಹೊಡೆತ) ಕಲಿಯುತ್ತಿರುವವರ ಲೆಕ್ಕ ಇನ್ನೊಂದು ಕಾರಣಕ್ಕೂ ಬೇಕು. ಅದು ಸೊಂಟಕ್ಕೆ, ಕೆಳಬೆನ್ನಿಗೆ ಭಾರ. ಬೆಳೆಯುವ ಮಗು ಒಂದು ದಿನ ಎಷ್ಟು ಫ್ಲಿಕ್ ಮಾಡಿತು ಅಂತ ಬರೆದಿಡಿ. ಬೆನ್ನು ನೋವು ಅಂದ ದಿನ ಫ್ಲಿಕ್ ಬಂದ್. ನೋವು ಉಳಿದರೆ ಡಾಕ್ಟರ್.

ಬದಲಿಸಿದ ಅಭ್ಯಾಸವನ್ನು ನಾಲ್ಕರಿಂದ ಆರು ವಾರ ನಡೆಸಿ, ಅದೇ ನಿಯಮದಿಂದ, ಆದಷ್ಟು ಅಂಥದೇ ಮೈದಾನದಲ್ಲಿ ಮತ್ತೆ ಎಣಿಸಿ. ಅಂಕಿ ಕದಲದಿದ್ದರೆ ನಿಮ್ಮ ಊಹೆ ತಪ್ಪು. ಮಗುವನ್ನು ಬಯ್ಯುವ ಮೊದಲು ಅಭ್ಯಾಸವನ್ನು ಬದಲಿಸಿ.

ಹೆಜ್ಜೆ 8: ಮೈಯ ಲೆಕ್ಕ

ಎತ್ತರವನ್ನು ಮೂರು ತಿಂಗಳಿಗೊಮ್ಮೆ ಗೋಡೆಗೆ ನಿಲ್ಲಿಸಿ ಅಳೆಯಿರಿ. ಹೆಣ್ಣುಮಕ್ಕಳು ಸರಾಸರಿ 12ರ ಸುಮಾರಿಗೆ, ಗಂಡುಮಕ್ಕಳು 14ರ ಸುಮಾರಿಗೆ ಗಬಗಬ ಎತ್ತರವಾಗುತ್ತಾರೆ. ಒಬ್ಬೊಬ್ಬರಿಗೆ ಬೇಗ, ಒಬ್ಬೊಬ್ಬರಿಗೆ ತಡ. ಆ ಹೊತ್ತಿನಲ್ಲಿ ಕೈಕಾಲಿನ ಅಳತೆಯೇ ಮಗುವಿಗೆ ಹೊಸದು. ನಿನ್ನೆ ಬರುತ್ತಿದ್ದ ಟ್ರ್ಯಾಪ್ ಇವತ್ತು ಬರುವುದಿಲ್ಲ. ಮಂಡಿಯ ಕೆಳಗೆ, ಹಿಮ್ಮಡಿಯಲ್ಲಿ ನೋವು ಬರುವುದೂ ಆಗಲೇ. ಹಾಳೆಯಲ್ಲಿ ಅಂಕಿ ಬಿದ್ದಿದೆ, ಗೋಡೆಯ ಮೇಲೆ ಗೀಟು ಏರಿದೆ ಅಂದರೆ ಸುಮ್ಮನಿರಿ. ಹೊರೆ ಇಳಿಸಿ, ಕಾಯಿರಿ. 13ರಲ್ಲಿ ಎತ್ತರ ಬಂದ ಹುಡುಗ ಎಲ್ಲರನ್ನೂ ದೂಡಿ ಗೋಲು ಹೊಡೆಯುತ್ತಾನೆ. ಅವನ ಅಂಕಿ ನೋಡಿ ಮರುಳಾಗಬೇಡಿ. ಮೂರು ವರ್ಷ ಬಿಟ್ಟು ಉಳಿದವರೂ ಅಷ್ಟೇ ಎತ್ತರ ಬಂದಿರುತ್ತಾರೆ.

ದಣಿವಿಗೆ ಸುಲಭ ಲೆಕ್ಕವೊಂದಿದೆ. ಅಮೆರಿಕದ ವಿಜ್ಞಾನಿ ಕಾರ್ಲ್ ಫಾಸ್ಟರ್ ಜನಪ್ರಿಯಗೊಳಿಸಿದ ವಿಧಾನ. ಅಭ್ಯಾಸ ಮುಗಿದು ಅರ್ಧ ಗಂಟೆಗೆ "ಎಷ್ಟು ಕಷ್ಟವಾಯಿತು, 10ರಲ್ಲಿ ಹೇಳು" ಅಂತ ಕೇಳಿ. 6 ಅಂದರೆ, 60 ನಿಮಿಷದ ಅಭ್ಯಾಸಕ್ಕೆ 360. ವಾರದ್ದೆಲ್ಲ ಕೂಡಿಸಿ. ಶಾಲೆಯ ಕಬಡ್ಡಿ, ಭರತನಾಟ್ಯ ಕ್ಲಾಸ್, ಕಟ್ಟಡದ ಕೆಳಗಿನ ಕ್ರಿಕೆಟ್ ಎಲ್ಲವೂ ಸೇರಬೇಕು. ಒಂದು ವಾರದಿಂದ ಇನ್ನೊಂದಕ್ಕೆ ಗಕ್ಕನೆ ಏರಿದರೆ ಎಚ್ಚರ. ಒಬ್ಬೊಬ್ಬರನ್ನೇ ಬೇರೆ ಕರೆದು ಕೇಳಿ. ಗುಂಪಿನಲ್ಲಿ ಕೇಳಿದರೆ ಮೊದಲನೆಯವನು ಹೇಳಿದ್ದನ್ನೇ ಎಲ್ಲರೂ ಹೇಳುತ್ತಾರೆ.

ಓಟದ ವೇಗ ಅಳೆಯುವುದಾದರೆ ಸ್ಟಾಪ್‌ವಾಚ್ ನಂಬಬೇಡಿ. 10 ಮೀಟರ್ ಓಟದಲ್ಲಿ ಬೆರಳು ಒತ್ತುವ ತಡವೇ ಮಗುವಿನ ಸುಧಾರಣೆಗಿಂತ ದೊಡ್ಡದಾಗಬಹುದು. ಸೆಕೆಂಡಿಗೆ 60 ಫ್ರೇಮಿನ ವಿಡಿಯೋ ತೆಗೆದು ಫ್ರೇಮ್ ಎಣಿಸಿದರೆ ಒಂದು ಫ್ರೇಮ್ ಅಂದರೆ 0.017 ಸೆಕೆಂಡ್. 20 ಮೀಟರಿನ ಬೀಪ್ ಟೆಸ್ಟ್ (ಬೀಪ್ ಸದ್ದಿಗೆ ತಕ್ಕಂತೆ ಹಿಂದೆ ಮುಂದೆ ಓಡುವ ಪರೀಕ್ಷೆ) ವರ್ಷಕ್ಕೆ ಎರಡು ಮೂರು ಸಲ ಸಾಕು. ತೂಕವನ್ನು ನಾನು ಬರೆಯುವುದೇ ಇಲ್ಲ. ಹದಿಮೂರರ ಹುಡುಗಿಯರ ಮುಂದೆ ತೂಕದ ಮಾತೆತ್ತಿದರೆ ಆಗುವ ಹಾನಿಗೆ ಯಾವ ಲಾಭವೂ ಸಮವಲ್ಲ.

ಹೆಜ್ಜೆ 9: ಮಗುವಿನ ಜೊತೆ ಮಾತು

ಹಾಳೆ ತೋರಿಸುವ ಮೊದಲು ಮಗುವನ್ನೇ ಕೇಳಿ. ನಾನು ಬಲ ಹಾಫ್ ಹುಡುಗನ ಜೊತೆ ಆಡಿದ ಮಾತು ಹೀಗಿತ್ತು.

"ನೀ ಬಾಲ್ ಯಾವ ಕಡೆ ಜಾಸ್ತಿ ಕೊಡ್ತಿ?"

"ಎರಡೂ ಕಡೆ ಕೊಡ್ತೀನಿ ಕಾಕಾ."

"ಹತ್ತರಾಗ ಎಷ್ಟು ಬಲಕ್ಕ?"

ಯೋಚಿಸಿ ಹೇಳಿದ: "ನಾಕು."

ಆಗ ಹಾಳೆ ಕೊಟ್ಟೆ. ಅವನೇ ಎಣಿಸಿದ. ಹತ್ತರಲ್ಲಿ ಒಂದೂ ಪೂರ್ತಿ ಇರಲಿಲ್ಲ. ನಾನು ಏನೂ ಹೇಳಲಿಲ್ಲ. "ಬಲಕ್ಕ ಕೊಡೂ ಮುಂದ ಕಾಲು ಸಿಗಹಾಕ್ಕೊಳ್ತಾವ ಕಾಕಾ" ಅಂತ ಅವನೇ ಕಾರಣ ಹೇಳಿದ. ಅದೇ ಬೇಕಾಗಿದ್ದ ಮಾತು. ನಾನೇ ಮೊದಲು ಅಂಕಿ ಹೇಳಿದ್ದರೆ ತಲೆ ತಗ್ಗಿಸಿ ನಿಲ್ಲುತ್ತಿದ್ದ, ಕಾಲಿನ ವಿಷಯ ಹೊರಗೆ ಬರುತ್ತಲೇ ಇರಲಿಲ್ಲ.

ಒಂದು ಮಾತುಕತೆಗೆ ಒಂದೇ ಅಂಕಿ. ಸೋತ ಮ್ಯಾಚ್ ಮುಗಿದ ಕೂಡಲೇ ಬೇಡ, ಮುಂದಿನ ಅಭ್ಯಾಸದ ದಿನ ಇರಲಿ. ಪಾಲಕರಿಗೂ ಹೇಳಿಡಿ: ಮನೆಗೆ ಹೋಗುವ ಸ್ಕೂಟರಿನ ಮೇಲೆ ಹಾಳೆಯ ವಿಷಯ ಎತ್ತಬಾರದು. ಹಿಂದೆ ಕೂತ ಮಗುವಿಗೆ ಇಳಿದು ಹೋಗಲೂ ಆಗುವುದಿಲ್ಲ, ಪಾಪ.

ಹೆಜ್ಜೆ 10: ಹಾಳೆ ಯಾರ ಕೈಗೆ?

ಮಗುವಿಗೆ ಮತ್ತು ಅದರ ಹೆತ್ತವರಿಗೆ ಮಾತ್ರ. ಒಂದು ಶಿಬಿರದಲ್ಲಿ ಮಕ್ಕಳ ಅಂಕಿಗಳನ್ನು ಒಂದರಿಂದ ಮೂವತ್ತರವರೆಗೆ ರ್‍ಯಾಂಕ್ ಮಾಡಿ ಗೋಡೆಗೆ ಅಂಟಿಸಿದ್ದನ್ನು ನೋಡಿದ್ದೇನೆ. ಕೊನೆಯ ಹೆಸರಿನ ಹುಡುಗ ಮರುದಿನದಿಂದ ಬರಲಿಲ್ಲ. ವಾಟ್ಸಾಪ್ ಗುಂಪಿಗೆ ಹಾಕುವುದೂ ಗೋಡೆಗೆ ಅಂಟಿಸಿದ ಹಾಗೇ. ಗುಂಪಿಗೆ ತಂಡದ ಒಟ್ಟು ಲೆಕ್ಕ ಮಾತ್ರ ಹೋಗಲಿ.

ವಿಡಿಯೋ ತೆಗೆಯಲು, ಲೆಕ್ಕ ಇಡಲು ಪಾಲಕರಿಂದ ಬರವಣಿಗೆಯಲ್ಲೇ ಒಪ್ಪಿಗೆ ತೆಗೆದುಕೊಳ್ಳಿ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣೆ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ. ನಾವು ಹಾಳೆಯಲ್ಲಿ ಹೆಸರು ಬರೆಯುವುದಿಲ್ಲ, ಜೆರ್ಸಿ ನಂಬರ್ ಅಷ್ಟೇ. ವರ್ಷ ಮುಗಿದ ಮೇಲೆ ಮಗುವಿನ ಹಾಳೆಗಳನ್ನು ಮಗುವಿಗೇ ಕೊಟ್ಟುಬಿಡುತ್ತೇವೆ.

ಇನ್ನು 7ನೇ ನಂಬರ್ ಹುಡುಗಿಯ ಕಥೆ. ಬಲ ಹಾಫಿಗೆ ಆರು ವಾರ ಕಾಲು ಸುತ್ತಿ ಬರುವುದನ್ನು ಕಲಿಸಿದೆವು. ಮತ್ತೆ ಎಣಿಸಿದಾಗ 40 ನಿಮಿಷದಲ್ಲಿ ಅವಳಿಗೆ ಬಾಲ್ 14 ಸಲ ಸಿಕ್ಕಿತ್ತು. ಖುಷಿಯಿಂದ ಹಾಳೆ ತೋರಿಸಿದೆ. ಅವಳ ಕಣ್ಣು ನೇರ ಇನ್ನೊಂದು ಕಾಲಂಗೆ ಹೋಯಿತು. 14ರಲ್ಲಿ 9 ಕಳೆದುಕೊಂಡಿದ್ದಳು, ಏಳಕ್ಕೆ ಸೊನ್ನೆ ಸುತ್ತಿತ್ತು.

"ಕಾಕಾ, ಬಾಲ್ ಬರದಿದ್ದಾಗೇ ಚಲೋ ಇತ್ತಲ್ರೀ" ಅಂದಳು. ಆಮೇಲೆ ತಾನೇ ಹೋಗಿ ಬಕೆಟಿನಿಂದ ಹತ್ತು ಬಾಲ್ ತಂದು ನನ್ನ ಕಾಲ ಹತ್ತಿರ ಸುರಿದು, ರಿವರ್ಸ್ ಕಡೆ ಹಾಕಿ ಅಂತ ಎದುರು ಹೋಗಿ ನಿಂತಳು.